ಆವಾಹನೆ ಮತ್ತು ಅರ್ಪಣೆ

ಅಗಲಿದ ಆತ್ಮೀಯರೊಡನೆ ಇನ್ನೊಮ್ಮೆ ಮಾತನಾಡಬೇಕೆಂಬ ಹಂಬಲ ಮನುಷ್ಯನಿಗೆ ಸಹಜವಾದುದು. ಮಗನನ್ನು ಕಳೆದುಕೊಂಡ ತಾಯಿಯ ಈ ಬಯಕೆಯನ್ನು ಅಜ್ಞಾನವೆಂದು ಜರೆಯುವುದು ದಯೆಯುಳ್ಳವರ ಮಾತಾಗದು. ಆದರೆ ಅದನ್ನು ಈಡೇರಿಸಿಕೊಳ್ಳಲು ಪಾಶ್ಚಾತ್ಯರ ಪ್ರೇತಾವಾಹನ ವಿಧಿಗಳನ್ನು ಮನೆಗೆ ತಂದು, ವಿಭೂತಿಯನ್ನೂ ಪಂಚಾಕ್ಷರಿಯನ್ನೂ ಬೆರೆಸಿ, ಸ್ವಧರ್ಮಕ್ಕೆ ಹೊಂದಿಸಿಕೊಳ್ಳಬಹುದೇ? ಭಾವ ಶುದ್ಧವಾಗಿದ್ದರೆ ಸಾಧನ ಯಾವುದಾದರೇನು ಎನ್ನುವವರುಂಟು. ಆ ವಾದವನ್ನು ಶರಣತತ್ತ್ವದ ಬೆಳಕಿನಲ್ಲಿ ಪರಿಶೀಲಿಸುವುದು ಉಚಿತವಾಗಿದೆ.

ಈ ವಿಧಿಗಳ ಚರಿತ್ರೆ ಅಷ್ಟೇನೂ ಪುರಾತನವಲ್ಲ. 1848ರಲ್ಲಿ ಅಮೆರಿಕದ ಹೈಡ್ಸ್‌ವಿಲ್ ಗ್ರಾಮದ ಫಾಕ್ಸ್ ಸೋದರಿಯರು ತಮ್ಮ ಮನೆಯಲ್ಲಿ ಪ್ರೇತವು ತಟ್ಟಿ ಉತ್ತರ ಕೊಡುತ್ತಿದೆಯೆಂದು ಸಾರಿದರು. ಅಲ್ಲಿಂದ ಮುಂದೆ ಮೇಜಿನ ಸುತ್ತ ಕುಳಿತು ಮೃತರನ್ನು ಕರೆಯುವ ಪದ್ಧತಿ ಯೂರೋಪಿಗೂ ಹರಡಿತು. 1888ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಗೋಲ್ಡನ್ ಡಾನ್ ಎಂಬ ಗುಪ್ತಸಂಘದವರು ಮಂಡಲ ಬರೆದು, ಧೂಪ ಹಾಕಿ, ದೇವದೂತರ ಹೆಸರು ಹಿಡಿದು ಕೂಗುವ ಮಾಂತ್ರಿಕ ವಿಧಿಗಳನ್ನು ಕ್ರಮಗೊಳಿಸಿದರು. ನಮ್ಮ ದೇಶದ ವಿದ್ಯಾವಂತರನ್ನೂ ಈ ಕುತೂಹಲ ಬಿಡಲಿಲ್ಲ; ಕವಿ ರವೀಂದ್ರನಾಥ ಠಾಕೂರರು 1929ರಲ್ಲಿ ಪ್ಲಾಂಚೆಟ್ ಪ್ರಯೋಗಗಳನ್ನು ನಡೆಸಿದ್ದುಂಟು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸೀಮೆಗೆ ಅದೃಶ್ಯಶಕ್ತಿಗಳ ಮಾತು ಹೊಸದಲ್ಲ. ಮಧುಗಿರಿಯಲ್ಲಿ ದಂಡಿನ ಮಾರಮ್ಮನಿದ್ದಾಳೆ. ಶಿರಾ ಸೀಮೆಯ ಕಾಡುಗೊಲ್ಲರು ಗಣೆಯ ನಾದದೊಡನೆ ಜುಂಜಪ್ಪನನ್ನು ಹಾಡಿ ನೆನೆಯುತ್ತಾರೆ. ಪೀಡಾಪರಿಹಾರವನ್ನು ಬೇಡಿ ಜನರು ಪಾವಗಡದ ಶನೈಶ್ಚರನ ಗುಡಿಗೆ ದೂರದಿಂದ ಬರುತ್ತಾರೆ. ಆದುದರಿಂದ ಇಲ್ಲಿಯ ಗೃಹಸ್ಥನಿಗೆ ಅಕ್ಷರ ಬರೆದ ಹಲಗೆಯೂ ಬೋರಲಿಟ್ಟ ಲೋಟವೂ ಹಳೆಯ ನಂಬಿಕೆಗೆ ತೊಡಿಸಿದ ಹೊಸ ಅಂಗಿಯಂತೆ ಕಂಡರೆ ಆಶ್ಚರ್ಯವಿಲ್ಲ.

ಸಾಧನವು ಪರದೇಶದ್ದೆಂಬುದು ಮಾತ್ರವೇ ದೋಷವಾಗಲಾರದು. ಶರಣರು ಜಾತಿಯನ್ನಾಗಲಿ ದೇಶವನ್ನಾಗಲಿ ಕೇಳಿ ಸತ್ಯವನ್ನು ಸ್ವೀಕರಿಸಿದವರಲ್ಲ. ವಿಚಾರಿಸಬೇಕಾದುದು ಎರಡೇ: ಕರೆದಾಗ ಬರುವುದು ಯಾವುದು? ಕರೆಯುವವನು ಏನಾಗುತ್ತಾನೆ?

ಮೊದಲನೆಯದಕ್ಕೆ ವಿಜ್ಞಾನಿ ಮೈಕೇಲ್ ಫ್ಯಾರಡೆ 1853ರಲ್ಲಿಯೇ ಉತ್ತರವನ್ನು ತೋರಿಸಿದನು. ಮೇಜಿಗೂ ಕೈಗಳಿಗೂ ನಡುವೆ ಮೃದುವಾದ ಅಂಟಿನಿಂದ ಕೂಡಿಸಿದ ರಟ್ಟಿನ ಪದರುಗಳನ್ನು ಇಟ್ಟು ಪರೀಕ್ಷಿಸಿದಾಗ, ಮೇಜಿಗಿಂತ ಮೊದಲು ಚಲಿಸುತ್ತಿದ್ದುದು ಕೈಯೆಂದು ತಿಳಿಯಿತು. ತಮ್ಮ ಕೈಯ ಒತ್ತಡವನ್ನು ತೋರುವ ಸೂಚಕವೊಂದನ್ನು ಕಣ್ಣೆದುರಿಗಿಟ್ಟಾಗ ಮೇಜಿನ ಚಲನೆಯೇ ನಿಂತಿತು. ಕುಳಿತವರು ಮೋಸಗಾರರಾಗಿರಲಿಲ್ಲ, ತಮ್ಮ ಕೈ ತಳ್ಳುತ್ತಿರುವುದು ಅವರಿಗೇ ತಿಳಿದಿರಲಿಲ್ಲ. ಹಾಗಾದರೆ ಹಲಗೆಯ ಮೇಲೆ ಮಗನ ಹೆಸರನ್ನು ಬರೆಯುವುದು ತಾಯಿಯ ದುಃಖವೇ. ಅದನ್ನು ಮಗನ ಮಾತೆಂದು ನಂಬಿ ಅವಳು ಮತ್ತೆ ಮತ್ತೆ ಕೇಳುತ್ತಾಳೆ. ಗಾಯ ಮಾಯುವುದಿಲ್ಲ.

ಎರಡನೆಯದು ಇದಕ್ಕಿಂತ ಗಹನವಾದುದು. ಕೊರಟಗೆರೆಯ ಬಳಿ ಸಿದ್ಧರ ಬೆಟ್ಟವಿದೆ. ಸಿದ್ಧರು ಅಲ್ಲಿ ತಪಸ್ಸು ಮಾಡಿದರೆಂದು ಪ್ರತೀತಿ. ಸಿದ್ಧಿಯ ಬೆಲೆಯೇನೆಂಬುದನ್ನು ಶೂನ್ಯಸಂಪಾದನೆಯಲ್ಲಿ ಬರುವ ಅಲ್ಲಮಪ್ರಭು ಮತ್ತು ಗೋರಕ್ಷರ ಪ್ರಸಂಗ ತಿಳಿಸುತ್ತದೆ. ಗೋರಕ್ಷನ ವಜ್ರಕಾಯಕ್ಕೆ ಖಡ್ಗ ತಾಗಿದಾಗ ಖಣಿಲೆಂದು ಸದ್ದಾಯಿತು. ಪ್ರಭುವಿನ ಮೇಲೆ ಬೀಸಿದ ಖಡ್ಗ ಬಯಲಿನಲ್ಲಿ ಆಡಿದಂತೆ ಹಾದುಹೋಯಿತು. ಒಬ್ಬನು ಶಕ್ತಿಯನ್ನು ಗಳಿಸಿ ‘ನಾನು’ ಎಂಬುದನ್ನು ಗಟ್ಟಿಮಾಡಿಕೊಂಡಿದ್ದನು. ಇನ್ನೊಬ್ಬನಲ್ಲಿ ಆ ‘ನಾನು’ ಉಳಿದಿರಲಿಲ್ಲ.

ಮಾಂತ್ರಿಕನು ಮಂಡಲದ ನಡುವೆ ನಿಂತು ಆಜ್ಞಾಪಿಸುತ್ತಾನೆ. ಬಂದದ್ದು ತನ್ನ ಇಚ್ಛೆಯನ್ನು ನಡೆಸಬೇಕೆನ್ನುತ್ತಾನೆ. ಶಿವಯೋಗಿಯು ಕರಸ್ಥಲದ ಇಷ್ಟಲಿಂಗದೆದುರು ತನ್ನ ಇಚ್ಛೆಯನ್ನೇ ಅರ್ಪಿಸುತ್ತಾನೆ. ಈ ಎರಡು ನಿಲುವುಗಳು ಒಂದೇ ಪೀಠದ ಮೇಲೆ ಕೂಡಲಾರವು. ಪಂಚಾಕ್ಷರಿಯನ್ನು ಪ್ರೇತವನ್ನು ಕರೆಯಲು ಉಪಯೋಗಿಸಿದವನು ಪರಕೀಯ ವಿಧಿಯನ್ನು ಶುದ್ಧಿಮಾಡಿದಂತಾಗಲಿಲ್ಲ. ಮಂತ್ರವನ್ನೇ ಆಳಿನಂತೆ ದುಡಿಸಿದಂತಾಯಿತು. ಭಾವಶುದ್ಧಿಯ ವಾದ ಇಲ್ಲಿಯೇ ಸೋಲುತ್ತದೆ. ಏಕೆಂದರೆ ಸಾಧನವು ದಿನದಿನಕ್ಕೆ ಭಾವವನ್ನು ತಿದ್ದುತ್ತದೆ. ಆಜ್ಞಾಪಿಸಲು ಕಲಿತ ನಾಲಗೆಗೆ ಬೇಡುವುದು ಮರೆತುಹೋಗುತ್ತದೆ.

ಮೇಲಾಗಿ, ಅಗಲಿದ ಶರಣನು ಲಿಂಗೈಕ್ಯನಾದನೆಂದು ನಂಬಿದ ಮನೆಯವರು ಅವನನ್ನು ಲೋಟದ ಕೆಳಗೆ ಹುಡುಕುವುದು ಹೇಗೆ? ನದಿ ಕಡಲನ್ನು ಕೂಡಿತೆಂದು ಹೇಳಿ, ಅದೇ ನೀರನ್ನು ಬಿಂದಿಗೆಯಲ್ಲಿ ಮರಳಿ ಕೇಳಿದಂತೆ ಅದು.

ಹಾಗೆಂದು ದುಃಖಿಗೆ ದಾರಿಯಿಲ್ಲವೆಂದಲ್ಲ. ನೆನೆಯುವುದು ಬೇರೆ, ಕರೆಯುವುದು ಬೇರೆ. ಲಿಂಗಪೂಜೆಯ ಹೊತ್ತಿನಲ್ಲಿ ಮಗನ ನೆನಪು ಬಂದರೆ ತಾಯಿ ಅದನ್ನು ಕಣ್ಣೀರಿನೊಡನೆ ಲಿಂಗಕ್ಕೆ ಅರ್ಪಿಸಬಹುದು. ಅವನ ಹೆಸರಿನಲ್ಲಿ ಹಸಿದ ಮಗುವೊಂದಕ್ಕೆ ದಾಸೋಹ ನಡೆಸಬಹುದು. ನೆರೆಯವರು ಅವಳನ್ನು ಒಂಟಿಯಾಗಿ ಬಿಡದೆ ಬಳಿಯಲ್ಲಿ ಕುಳಿತಿರಬಹುದು. ಹಲಗೆಯಿಂದ ಬಾರದ ಉತ್ತರ ಅವಳಿಗೆ ಇಂಥ ಕಡೆ ದೊರೆಯುವ ಸಂಭವವುಂಟು.