ಬೀದಿ ತುಂಬ ಆಡುವ ಮಕ್ಕಳು



ಪ್ರವಾದಿ ಜೆಕರ್ಯನ ಗ್ರಂಥದ ಎಂಟನೆಯ ಅಧ್ಯಾಯವನ್ನು ಒಮ್ಮೆ ತೆರೆದು ನೋಡಿ. ಸೆರೆಯಿಂದ ಮರಳಿದ ಜನರು ಪಾಳುಬಿದ್ದ ಜೆರುಸಲೇಮನ್ನು ಮತ್ತೆ ಕಟ್ಟುತ್ತಿದ್ದ ಕಾಲವದು. ಆ ಪಟ್ಟಣಕ್ಕೆ ಒಳ್ಳೆಯ ದಿನ ಬರುವುದರ ಗುರುತಾಗಿ ದೇವರು ಪ್ರವಾದಿಗೆ ಒಂದು ಬೀದಿಯನ್ನು ತೋರಿಸುತ್ತಾರೆ. ಮುದುಕ ಮುದುಕಿಯರು ಕೋಲು ಹಿಡಿದು ಅಲ್ಲಿ ಕುಳಿತಿದ್ದಾರೆ. ಅವರ ಕಣ್ಣೆದುರಿಗೇ ಹುಡುಗ ಹುಡುಗಿಯರು ಬೀದಿ ತುಂಬ ಆಡುತ್ತಿದ್ದಾರೆ. ಸೆಮಿನರಿಯಲ್ಲಿ ಇದನ್ನು ಪರೀಕ್ಷೆಗೆಂದು ಓದಿದ್ದೆ. ಇದರ ಅರ್ಥ ಹೊಳೆದದ್ದು ಮಾತ್ರ ಕೆ.ಆರ್. ಪೇಟೆ ತಾಲ್ಲೂಕಿನ ಮಾಕವಳ್ಳಿ ಕಡೆಯ ಒಂದು ಮನೆಯ ಬಾಗಿಲಲ್ಲಿ ನಿಂತಾಗ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಒಂದು ಕ್ರಿಸ್ಮಸ್‌ಗೆ ಮಕ್ಕಳಿಂದ ಚಿಕ್ಕ ನಾಟಕ ಆಡಿಸುತ್ತಿದ್ದೆವು. ಕ್ರಿಸ್ಮಸ್ ತಾತನ ಪಾತ್ರಕ್ಕೆ ಹನ್ನೊಂದು ವರ್ಷದ ಒಬ್ಬ ಹುಡುಗನನ್ನು ಮುಂದಕ್ಕೆ ಕರೆದು, "ಇವನಿಗಾದರೆ ಹೊಟ್ಟೆಗೆ ದಿಂಬು ಕಟ್ಟುವ ಕೆಲಸವಿಲ್ಲ" ಎಂದೆ. ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಅವನೂ ನಕ್ಕ. ಮುಂದಿನ ಭಾನುವಾರ ಧರ್ಮೋಪದೇಶ ತರಗತಿಗೆ ಅವನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಪೂಜೆಗೆ ಬಂದರೆ ಅಜ್ಜಿಯ ಹಿಂದೆ ಮರೆಯಾಗಿ ಕುಳಿತು, ಕೊನೆಯ ಹಾಡಿಗೆ ಮೊದಲೇ ಎದ್ದು ಹೋಗುತ್ತಿದ್ದ. ಉಪದೇಶ ಪೀಠದಿಂದ ಪ್ರೀತಿಯ ಬಗ್ಗೆ ಮಾತನಾಡುವ ಬಾಯಿ ಒಂದು ನಗುವಿಗಾಗಿ ಒಂದು ಮಗುವನ್ನು ಮಾರಿಬಿಟ್ಟಿತ್ತು.

ತಿಂಗಳು ಕಳೆದ ಮೇಲೆ ಒಂದು ಸಂಜೆ ಐದು ಗಂಟೆಗೆ ಅವರ ಮನೆಗೆ ಹೋದೆ. ಬಾಗಿಲಿಗೆ ಒಳಗಿನಿಂದ ಚಿಲಕ. ತೆರೆದದ್ದು ಅಜ್ಜಿ. ಹುಡುಗ ಟಿ.ವಿ. ಮುಂದೆ, ತೊಡೆಯ ಮೇಲೆ ತಟ್ಟೆ, ಪಕ್ಕದಲ್ಲಿ ಒಡೆದ ಎರಡು ಚಿಪ್ಸ್ ಪ್ಯಾಕೆಟ್. ನಾನು ಬುದ್ಧಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿಯೇ ಹೇಳಿದರು: "ಏನ್ ಮಾಡದು ಸ್ವಾಮ್ಯೋರೇ, ಈಚೆಗ್ ಬುಟ್ರೆ ಲಾರಿ ಕಾಟ. ಅವ್ರವ್ವ ಗಾರ್ಮೆಂಟ್ಸಿಂದ ಬರದು ಏಳ್ ಗಂಟೆ ಆಯ್ತದೆ. ಟಿ.ವಿ. ಮುಂದಿದ್ರೆ ಮಗ ನನ್ ಕಣ್ಮುಂದ್ಲೇ ಇರ್ತದೆ."

ಆ ಮಾತು ನಿಜ. ಮಾಕವಳ್ಳಿಯಲ್ಲಿ ಸಕ್ಕರೆ ಕಾರ್ಖಾನೆ ಇದೆ. ಕಬ್ಬು ಅರೆಯುವ ಕಾಲದಲ್ಲಿ ಹೇರು ತುಂಬಿದ ಲಾರಿಗಳೂ ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳೂ ಆ ರಸ್ತೆಯಲ್ಲಿ ಸಾಲುಗಟ್ಟುತ್ತವೆ. ಅಲ್ಲಿ ಲಗೋರಿ ಆಡು ಎಂದು ಯಾವ ಅಜ್ಜಿ ಮೊಮ್ಮಗನನ್ನು ಕಳಿಸಿಯಾಳು? ನಾನು ಹುಡುಗನನ್ನು ಸೋಮಾರಿ ಎಂದುಕೊಂಡಿದ್ದೆ, ತಾಯಿಗೆ ಗಮನವಿಲ್ಲ ಎಂದುಕೊಂಡಿದ್ದೆ. ಆ ಬಾಗಿಲಿಗೆ ಚಿಲಕ ಹಾಕಿದ್ದು ಪ್ರೀತಿ.

ನಮ್ಮದು ಬಂದ ನೆಂಟರ ಕೈಗೆ ಬೆಲ್ಲವಿಟ್ಟು ನೀರು ಕೊಡುವ ಸೀಮೆ. ನಮ್ಮ ತಾತಂದಿರೂ ಬೆಲ್ಲ ತಿಂದರು; ಆದರೆ ಗದ್ದೆಯ ಬದುವಿನ ಮೇಲೆ ಕಬ್ಬಿನ ಹೊರೆ ಹೊತ್ತು ಅದನ್ನು ಕರಗಿಸಿದರು. ಇಂದು ಸಿಹಿ ಪ್ಯಾಕೆಟ್ಟಿನಲ್ಲಿ, ಬಾಟಲಿಯಲ್ಲಿ ಬರುತ್ತದೆ. ಹೊರೆ ಹೊರುವುದು ಲಾರಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತಿನಲ್ಲಿ 5ರಿಂದ 19 ವರ್ಷದ 39 ಕೋಟಿಗೂ ಹೆಚ್ಚು ಮಕ್ಕಳಿಗೆ ಮಿತಿಮೀರಿದ ತೂಕವಿತ್ತು. ನಮ್ಮ ದೇಶದಲ್ಲಿ 2016–18ರಲ್ಲಿ ನಡೆದ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ ಹತ್ತರಿಂದ ಹತ್ತೊಂಬತ್ತು ವರ್ಷದವರಲ್ಲಿ ನೂರಕ್ಕೆ 5 ಮಂದಿ ಹೀಗಿದ್ದರು. ನೂರಕ್ಕೆ 24 ಮಂದಿ ತೀರಾ ತೆಳ್ಳಗಿದ್ದರು. ಒಂದೇ ಬೀದಿಯಲ್ಲಿ ಎರಡೂ ಇದೆ. ಆದ್ದರಿಂದ "ದುಂಡಗಿದ್ದರೆ ಆರೋಗ್ಯ" ಎಂಬ ನಮ್ಮ ಹಳೆಯ ನಂಬಿಕೆ ಹಸಿವಿನ ಕಾಲದಿಂದ ಬಂದದ್ದು, ಅದನ್ನು ಬೈಯಲಾರೆ.

ತಾಯಂದಿರೇ, ಒಂದು ಮಾತು ಗಮನಿಸಿ. ಮಗುವಿನ ಕತ್ತಿನ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪವಾಗಿದ್ದರೆ ಅದನ್ನು ಕೊಳೆಯೆಂದು ಕಲ್ಲಿನಿಂದ ತಿಕ್ಕಬೇಡಿ. ಮೈಯೊಳಗೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತು ಅದಾಗಿರಬಹುದು, ಡಾಕ್ಟರರಿಗೆ ತೋರಿಸಿ. ಹಾಗೆಂದು ಊಟ ಕಡಿದು ಉಪವಾಸ ಕೆಡವುವುದೂ ತಪ್ಪು. ಬೆಳೆಯುವ ಮಗುವಿಗೆ ಮುದ್ದೆ, ಸೊಪ್ಪು, ಕಾಳು ಬೇಕೇ ಬೇಕು. ಅನೇಕ ಮಕ್ಕಳಲ್ಲಿ ತೂಕ ಏರದಂತೆ ನೋಡಿಕೊಂಡರೆ ಸಾಕು, ಎತ್ತರ ಬೆಳೆದಂತೆ ಮೈ ತಾನೇ ಹದಕ್ಕೆ ಬರುತ್ತದೆ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಏರುವಷ್ಟು ಓಡಾಡಬೇಕು ಎಂದು ಅದೇ ಸಂಸ್ಥೆ 2020ರಲ್ಲಿ ಹೇಳಿತು. ಟಿ.ವಿ. ಕೆಡಿಸುವುದು ಕೂರಿಸಿದ್ದಕ್ಕೆ ಮಾತ್ರವಲ್ಲ: ಅದರ ಮುಂದೆ ಕುಳಿತವನಿಗೆ ಹೊಟ್ಟೆ ತುಂಬಿದ್ದು ತಿಳಿಯುವುದಿಲ್ಲ, ಜಾಹೀರಾತು ಮತ್ತೆ ಹಸಿವು ಹುಟ್ಟಿಸುತ್ತದೆ, ರಾತ್ರಿಯ ನಿದ್ದೆ ಕಡಿಮೆಯಾಗುತ್ತದೆ. ಈಗ ಮೊಬೈಲು ಹಾಸಿಗೆಯವರೆಗೂ ಬಂದಿದೆ.

"ಸ್ವಾಮಿಗಳಿಗೆ ಮಕ್ಕಳ ತೂಕದ ಗೊಡವೆ ಏಕೆ?" ಎನ್ನುವವರಿದ್ದಾರೆ. ಭಾನುವಾರ ನಾವು ವಿಶ್ವಾಸ ಸಂಗ್ರಹದಲ್ಲಿ ಶರೀರದ ಪುನರುತ್ಥಾನವನ್ನು ನಂಬುತ್ತೇವೆ ಎನ್ನುತ್ತೇವಲ್ಲ? ಆತ್ಮ ಒಂದೇ ನಾನಲ್ಲ ಎಂದು ಸಂತ ತೋಮಾಸ್ ಅಕ್ವಿನಾಸರು ಕಲಿಸಿದರು. 1799ರ ನಂತರ ಶ್ರೀರಂಗಪಟ್ಟಣದ ಕಡೆಗೆ ಬಂದ ಗುರು ಅಬ್ಬೆ ದ್ಯುಬುವಾ ಬಲಿಪೂಜೆಯ ಜೊತೆಗೆ ಸಿಡುಬಿನ ಲಸಿಕೆಯ ಕೆಲಸವನ್ನೂ ಹೆಗಲಿಗೇರಿಸಿಕೊಂಡರು. ಹನ್ನೆರಡು ವರ್ಷದ ಬಾಲಯೇಸು ಪಾಸ್ಕಹಬ್ಬಕ್ಕೆ ಹೋದ ನಜರೇತ್–ಜೆರುಸಲೇಮಿನ ದಾರಿಯೇ ನೂರು ಕಿಲೋಮೀಟರಿಗಿಂತ ಹೆಚ್ಚು.

ಮಕ್ಕಳಿಗೆ ಹೇಳಲು ಈಗ ಅವರ ಕಾಲದ್ದೇ ಒಬ್ಬ ಸಂತನಿದ್ದಾನೆ. ಜಗದ್ಗುರು ಹದಿನಾಲ್ಕನೇ ಲಿಯೊ ಅವರು 2025ರ ಸೆಪ್ಟೆಂಬರ್ 7ರಂದು ಸಂತಪದವಿಗೇರಿಸಿದ ಕಾರ್ಲೊ ಅಕ್ಯುಟಿಸ್, 2006ರಲ್ಲಿ ತೀರಿಕೊಂಡಾಗ ಅವನಿಗೆ ಹದಿನೈದು ವರ್ಷ. ಕಂಪ್ಯೂಟರ್ ಎಂದರೆ ಅವನಿಗೆ ಪ್ರಾಣ. ಆದರೂ ವಿಡಿಯೊ ಗೇಮಿಗೆ ವಾರಕ್ಕೆ ಒಂದೇ ಗಂಟೆ ಎಂದು ತನಗೆ ತಾನೇ ಗೆರೆ ಎಳೆದುಕೊಂಡಿದ್ದ. ಆ ಗೆರೆಯನ್ನು ಮಗು ತಾನೇ ಎಳೆಯಬೇಕಾದರೆ, ಧಾರಾವಾಹಿ ಮುಗಿಯುವವರೆಗೆ ಏಳದ ಅಪ್ಪ ಅಮ್ಮಂದಿರು ಮೊದಲು ಏಳಬೇಕು!

ಅಜ್ಜಿಯ ಮನೆಯಿಂದ ಹಿಂದಿರುಗಿದ ನಾನು ನಮ್ಮ ದೇವಾಲಯದ ಗೇಟಿನ ಬೀಗ ತೆಗೆಯಲು ಕೈ ಹಾಕಿದೆ. ಅಂದು ಮಧ್ಯಾಹ್ನ ಹಾಕಿದ್ದು ನಾನೇ. ಮಕ್ಕಳು ನುಗ್ಗಿ ಹೂವಿನ ಕುಂಡಗಳನ್ನು ಒಡೆಯುತ್ತಾರೆಂದು ದಿನವೂ ಹಾಕಿಸುತ್ತಿದ್ದೆ. ಒಳಗೆ ಲಾರಿ ಬಾರದ, ನೆರಳಿರುವ ಜಾಗ ಖಾಲಿ ಬಿದ್ದಿತ್ತು.

ಈಗ ನಾಲ್ಕೂವರೆಯಿಂದ ಆರರವರೆಗೆ ಗೇಟು ತೆರೆದಿರುತ್ತದೆ. ಅಜ್ಜಿಯಂದಿರಿಗೆ ಬೆಂಚು ಹಾಕಿದ್ದೇವೆ. ಒಬ್ಬರು ಮಕ್ಕಳನ್ನು ಕರೆತರುತ್ತಾರೆ, ಉಳಿದವರು ಸರದಿಯಲ್ಲಿ ನೋಡಿಕೊಳ್ಳುತ್ತಾರೆ. ನಮ್ಮ ಕುಟುಂಬಗಳು ಬೆರಳೆಣಿಕೆಯಷ್ಟು. ಆಡಲು ಬರುವವರಲ್ಲಿ ಹೆಚ್ಚಿನವರು ಅಕ್ಕಪಕ್ಕದ ಮನೆಗಳ ಮಕ್ಕಳೇ. ಆ ಹುಡುಗ ಮೂರನೆಯ ವಾರ ಬಂದ. ಓಡುವುದರಲ್ಲಿ ಹಿಂದೆ, ಲಗೋರಿಯ ಗುರಿಯಲ್ಲಿ ಮಾತ್ರ ಅವನನ್ನು ಮೀರಿಸುವವರಿಲ್ಲ. ಅವನನ್ನು ಪಕ್ಕಕ್ಕೆ ಕರೆದು ಕ್ಷಮೆ ಕೇಳಿದೆ. "ಹೋಗ್ಲಿ ಬಿಡಿ ಫಾದರ್" ಎಂದು ಆಟಕ್ಕೆ ಓಡಿದ. ತೂಕ ಎಷ್ಟು ಇಳಿಯಿತೆಂದು ನಾನು ಕೇಳಿಲ್ಲ, ಯಾರೂ ಕೇಳಬಾರದೆಂದು ಹೇಳಿದ್ದೇನೆ. ಕುಂಡಗಳು ಎರಡು ಒಡೆದಿವೆ.

ಈ ಭಾನುವಾರ ಪೂಜೆ ಮುಗಿಸಿ ಹೊರಬರುವಾಗ, ನಿಮ್ಮ ದೇವಾಲಯದ ಗೇಟಿಗೆ ಸಂಜೆ ಎಷ್ಟು ಹೊತ್ತಿಗೆ ಬೀಗ ಬೀಳುತ್ತದೆ ಎಂದು ನಿಮ್ಮ ಸ್ವಾಮಿಯವರನ್ನು ಕೇಳಿ.