ಎಂಟು ಸಾವಿರದ ಗೆರೆ

ಕೆಮ್ಮಣ್ಣಿನಿಂದ ಕಾರ್ಕಳದ ಶಾಲೆಗೆ ನಾನು ಹೋಗಿಬರುವುದು ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ. ಸಂತೆಕಟ್ಟೆಯಲ್ಲಿ ಹೆದ್ದಾರಿ ಹತ್ತಿ, ಮಣಿಪಾಲ, ಪರ್ಕಳ, ಹಿರಿಯಡ್ಕ, ಬೈಲೂರು ದಾಟುವಷ್ಟು ಹೊತ್ತೂ ನನಗೆ ಯಕ್ಷಗಾನ ಬೇಕು. ಒಂದು ದಿನ ಭಾಗವತ ಕಾಳಿಂಗ ನಾವಡರ ಪದ, ಇನ್ನೊಂದು ದಿನ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆ. ಕಾರಿನ ಜೊತೆಗೇ ಬಂದ ಸ್ಪೀಕರಿನಲ್ಲಿ ಚೆಂಡೆ ತಗಡಿನ ಡಬ್ಬ ಬಡಿದ ಹಾಗೆ ಕೇಳುತ್ತಿತ್ತು. ಮದ್ದಳೆ ಇದೆಯೆಂದು ನಂಬಿಕೊಳ್ಳಬೇಕಿತ್ತು. ಬದಲಾಯಿಸುವುದೆಂದು 8,000 ರೂಪಾಯಿ ಬದಿಗಿಟ್ಟೆ. ಅದಕ್ಕಿಂತ ಒಂದು ಪೈಸೆ ಹೆಚ್ಚಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಹೇಳಿದಾಗ ಜೈನ ಸಹೋದ್ಯೋಗಿಯೊಬ್ಬರು ನಕ್ಕರು: “ಹಾಗಾದರೆ ನೀವು ವ್ರತ ಹಿಡಿದಿರಿ ಟೀಚರೆ.” ಪಕ್ಕದಲ್ಲಿದ್ದ ಕನ್ನಡ ಮೇಷ್ಟ್ರು ಬಿಡಲಿಲ್ಲ. “ಕೈಯಲ್ಲಿರುವುದೇ ಅಷ್ಟು. ಅದಕ್ಕೆ ವ್ರತ ಅಂತ ದೊಡ್ಡ ಹೆಸರು ಯಾಕೆ?”

ಇಬ್ಬರದೂ ತಮಾಷೆಯೇ. ಆದರೆ ಆ ಪ್ರಶ್ನೆ ತಮಾಷೆಯದ್ದಲ್ಲ.

ಕಾರ್ಕಳದ ಬೆಟ್ಟದ ಮೇಲೆ 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ 42 ಅಡಿಯ ಗೊಮ್ಮಟನ ಮೈಮೇಲೆ ನೂಲೆಳೆಯೂ ಇಲ್ಲ. ಬೆಟ್ಟದ ಕೆಳಗೆ ಅಂಗಡಿ, ಮನೆ, ಮಕ್ಕಳು ಎಂದು ಬದುಕುವ ಗೃಹಸ್ಥರಿಂದ ಜೈನಧರ್ಮ ಅಷ್ಟನ್ನು ಕೇಳುವುದಿಲ್ಲ. ಅವರಿಗಿರುವುದು ಅಣುವ್ರತಗಳು, ಅವುಗಳಲ್ಲಿ ಐದನೆಯದು ಪರಿಗ್ರಹ ಪರಿಮಾಣ. ಹೊಲ, ಮನೆ, ಚಿನ್ನ, ಧಾನ್ಯ ಯಾವುದು ಎಷ್ಟಿರಬೇಕೆಂದು ಮೊದಲೇ ನಿಶ್ಚಯಿಸಿ, ಅಲ್ಲಿಗೆ ನಿಲ್ಲುವುದು. ಊಟದಂತೆ ಒಮ್ಮೆಗೇ ಮುಗಿಯುವ ಸುಖಕ್ಕೂ ಬಟ್ಟೆ, ಒಡವೆಯಂತೆ ಮತ್ತೆ ಮತ್ತೆ ಅನುಭವಿಸುವ ಸುಖಕ್ಕೂ ಇನ್ನೊಂದು ಪರಿಮಾಣವ್ರತವಿದೆ. ನನ್ನ ಸ್ಪೀಕರು ಈ ಎರಡನೆಯ ಜಾತಿಯದು. ಎಷ್ಟು ಎಂಬುದನ್ನು ಗೃಹಸ್ಥನೇ ನಿಶ್ಚಯಿಸಬೇಕು, ನಿಶ್ಚಯಿಸಿದ ಮೇಲೆ ಜಗ್ಗಬಾರದು.

ಮೊದಲೇ ಯಾಕೆ? ವಿಜ್ಞಾನ ಕಲಿಸುವವಳಾಗಿ ನನಗೆ ಇದರ ಉತ್ತರ ಕಿವಿಯಲ್ಲೇ ಸಿಗುತ್ತದೆ. ಶಬ್ದ 3 ಡೆಸಿಬಲ್ ಏರಬೇಕಾದರೆ ಆಂಪ್ಲಿಫೈಯರಿನ ಶಕ್ತಿ ಇಮ್ಮಡಿಯಾಗಬೇಕು. ಕೇಳುವವರಿಗೆ ಅದು ತುಸು ಜೋರು, ಅಷ್ಟೆ. ಎರಡರಷ್ಟು ಜೋರು ಅನ್ನಿಸಲು ಸುಮಾರು 10 ಡೆಸಿಬಲ್ ಬೇಕು, ಎಂದರೆ ಹತ್ತು ಪಟ್ಟು ಶಕ್ತಿ. ಇಂದ್ರಿಯಗಳು ಹೀಗೆ ಪಟ್ಟುಗಳ ಲೆಕ್ಕದಲ್ಲಿ ಅಳೆಯುತ್ತವೆ ಎಂದು ಜರ್ಮನಿಯ ಗುಸ್ಟಾವ್ ಫೆಕ್ನರ್ 1860ರಲ್ಲೇ ಗ್ರಂಥ ಬರೆದ. ಸುಖ ಒಂದೊಂದೇ ಮೆಟ್ಟಿಲು ಏರುವಾಗ ಖರ್ಚು ಗುಣಾಕಾರದಲ್ಲಿ ಏರುತ್ತದೆ. ಹಾಗಾಗಿ ‘ಸಾಕು’ ಎಂಬ ಮಾತು ಕಿವಿಯಿಂದ ಬರುವುದಿಲ್ಲ. ಕೇಳಲು ಕೂರುವ ಮೊದಲೇ ಬೇರೆ ಕಡೆಯಿಂದ ಬಂದಿರಬೇಕು.

ಉಡುಪಿಯ ಅಂಗಡಿಯಲ್ಲಿ ಇದು ಚೆನ್ನಾಗಿ ಕಂಡಿತು. ಎದುರಿನ ಎರಡು ಬಾಗಿಲಿನ ತಗಡಿಗೆ ಒಳಗಿನಿಂದ ಡ್ಯಾಂಪಿಂಗ್ ಶೀಟ್ ಅಂಟಿಸಿ, ಆರೂವರೆ ಇಂಚಿನ ಒಂದು ಜೊತೆ ಸ್ಪೀಕರ್ ಕೂರಿಸಿದರು. ಹಿಂದಿನದನ್ನು ಮುಟ್ಟಲಿಲ್ಲ, ನನ್ನ ಹಿಂದಿನ ಸೀಟಿನಲ್ಲಿ ಕೂರುವುದು ಉತ್ತರಪತ್ರಿಕೆಗಳ ಕಟ್ಟು. ಪೆಟ್ಟಿಗೆಯ ಮೇಲೆ 50 ವಾಟ್ ಎಂದು ಬರೆದುಕೊಂಡ ಸ್ಟೀರಿಯೊ ನಿರಂತರವಾಗಿ ಕೊಡುವುದು 20 ವಾಟ್ ಆಸುಪಾಸು. ಕಾರಿನೊಳಗೆ ಅದು ಧಾರಾಳ. ಬಾಗಿಲಿನ ಅದುರು ನಿಂತದ್ದೇ ಮದ್ದಳೆ ಕೇಳಿಸಿತು.

“ಇಷ್ಟು ಮಾಡಿದ ಮೇಲೆ ಒಂದು ಸಬ್ ಹಾಕುವ ಟೀಚರೆ. ಇಲ್ಲದಿದ್ರೆ ಪಂಚ್ ಬರುದಿಲ್ಲ ಮಾರಾಯ್ರೆ,” ಎಂದ ಹುಡುಗ. ಸಬ್ ವೂಫರ್ ದುಡಿಯುವುದು ಸುಮಾರು 80 ಹರ್ಟ್ಸ್‌ನ ಕೆಳಗೆ. ಭಾಗವತರ ಕಂಠದಲ್ಲಿ ಅಲ್ಲಿ ಬಹುತೇಕ ಏನೂ ಇಲ್ಲ. ಬೇಡ ಎಂದೆ. ಆದರೂ ಮನಸ್ಸು ಉಪಾಯ ಹುಡುಕಿತು: ವಯರಿಂಗ್ ಖರ್ಚನ್ನು ಸರ್ವಿಸಿನ ಲೆಕ್ಕಕ್ಕೆ ಹಾಕಿದರೆ? ಸಬ್ಬನ್ನು ಮಗನ ಹುಟ್ಟುಹಬ್ಬದ ಉಡುಗೊರೆ ಎಂದರೆ? ಈ ಜಾಣತನ ಹಳೆಯದು. 12ನೇ ಶತಮಾನದಲ್ಲೇ ಜೈನ ಆಚಾರ್ಯ ಹೇಮಚಂದ್ರ ತನ್ನ ಯೋಗಶಾಸ್ತ್ರದಲ್ಲಿ ಇದನ್ನು ವ್ರತದ ಅತಿಚಾರ, ಎಂದರೆ ಲೋಪ, ಎಂದು ಹೆಸರಿಸಿದ್ದಾನೆ. ಪಕ್ಕದ ಹೊಲ ಕೊಂಡು, ನಡುವಿನ ಬೇಲಿ ಕಿತ್ತು, ಒಂದೇ ಹೊಲ ಎಂದು ಎಣಿಸುವುದು. ಮಿತಿ ಮೀರಿದ ಚಿನ್ನವನ್ನು ಇನ್ನೊಬ್ಬರ ಕೈಯಲ್ಲಿ ಇರಿಸುವುದು. ಲೆಕ್ಕ ಸರಿಯಾಗಿಯೇ ಇರುತ್ತದೆ, ಮನುಷ್ಯ ಜಾರಿರುತ್ತಾನೆ.

ಕನ್ನಡ ಮೇಷ್ಟ್ರ ಪ್ರಶ್ನೆಗೆ ಬರುತ್ತೇನೆ. ಅವರು ಹೇಳಿದ್ದು ಅರ್ಧ ನಿಜ. ಇಲ್ಲದಿರುವುದು ವ್ರತವಲ್ಲ. ಸಂತೆಕಟ್ಟೆಯಲ್ಲಿ ಮಳೆಗೆ ನೆನೆಯುತ್ತ ಬಸ್ಸು ಕಾಯುವವರಿಗೆ ಅಪರಿಗ್ರಹ ಬೋಧಿಸುವುದು ಉದ್ಧಟತನ. ಮಿತಿಯ ಮಾತು ಅನ್ವಯಿಸುವುದು ಅದನ್ನು ಮೀರಬಲ್ಲವರಿಗೆ. ಎಂಟು ಸಾವಿರವೇ ಇದ್ದಾಗ ಎಂಟು ಸಾವಿರದಲ್ಲಿ ನಿಂತದ್ದು ನನ್ನ ಹೆಚ್ಚುಗಾರಿಕೆ ಅಲ್ಲ. ಆದರೆ ಈ ತಿಂಗಳು ಡಿ.ಎ. ಬಾಕಿ ಬಂದಿದೆ, ಸಬ್ ವೂಫರ್ ಈಗ ಕೈಗೆ ಎಟಕುತ್ತದೆ. ಇಲ್ಲಿಯವರೆಗೆ ಬಜೆಟ್ ಆಗಿದ್ದದ್ದು ವ್ರತವಾಗಬಹುದಾದರೆ ಅದು ಇವತ್ತಿನಿಂದ. ಇಲ್ಲದಾಗ ಎಳೆದ ಗೆರೆಗೆ ಬೆಲೆ ಬರುವುದು ಇದ್ದಾಗ.

ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರ ಇಂಥ ಪರಿಮಾಣಗಳಲ್ಲಿ ಎರಡು ಬಗೆ ಹೇಳುತ್ತದೆ: ಬದುಕಿರುವವರೆಗಿನದು ಯಮ, ಅವಧಿ ಗೊತ್ತುಮಾಡಿಕೊಂಡದ್ದು ನಿಯಮ. ಯಮಕ್ಕೆ ನನ್ನಲ್ಲಿ ಧೈರ್ಯವಿಲ್ಲ. ನನ್ನದು ಈ ಕಾರು ಓಡುವವರೆಗಿನ ನಿಯಮ. ಮುಂದಿನ ಕಾರಿಗೆ ಮೊತ್ತ ಬೇರೆ ಇರಬಹುದು. ಅದನ್ನೂ ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ನಿಶ್ಚಯಿಸುವವಳು ನಾನು.