ಉಪಕರಣವು ಉಳಿಸಿದ ಶ್ರಮ ಯಾರದು?

ಅಡುಗೆಮನೆಗೆ ಹೊಸ ಉಪಕರಣವೊಂದು ಬಂದಾಗ ನಮ್ಮಂತಹ ಆಚಾರವಂತ ಕುಟುಂಬಗಳಲ್ಲಿ ಒಂದು ಪ್ರಶ್ನೆಯು ತಪ್ಪದೆ ಏಳುತ್ತದೆ. ಕೈಯಿಂದ ಮಾಡಬೇಕಾದುದನ್ನು ಯಂತ್ರವು ಮಾಡಿದರೆ ಆ ಕರ್ಮದ ಸತ್ತ್ವವು ಉಳಿಯುವುದೇ, ಅಥವಾ ಶ್ರಮದೊಡನೆ ಅದೂ ಹೊರಟುಹೋಗುವುದೇ? ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿರುವ ನಮ್ಮನ್ನು ಈ ಪ್ರಶ್ನೆಯು ಊರಿನಲ್ಲಿರುವವರಿಗಿಂತ ಹೆಚ್ಚಾಗಿ ಕಾಡುತ್ತದೆ. ಊರಿನ ಮನೆಯಲ್ಲಿ ಒರಳು ನೆಲದಲ್ಲಿ ಹೂತಿರುತ್ತಿತ್ತು. ನಾಲ್ಕನೆಯ ಅಂತಸ್ತಿನ ಎರಡು ಕೋಣೆಗಳ ಮನೆಯಲ್ಲಿ ಅದಕ್ಕೆ ಜಾಗವೂ ಇಲ್ಲ, ಕೆಳಗಿನ ಮನೆಯವರ ಒಪ್ಪಿಗೆಯೂ ಇಲ್ಲ. ಯಾವ ಸಾಧನವು ನೈವೇದ್ಯದ ಅಡುಗೆಗೆ ಯೋಗ್ಯ, ಯಾವುದು ಅಲ್ಲ ಎಂಬ ನಿರ್ಣಯವನ್ನು ನಾವು ಇಲ್ಲಿ ಹೇಳಹೊರಟಿಲ್ಲ. ಅದು ಆಯಾ ಮನೆತನದ ಸಂಪ್ರದಾಯಕ್ಕೂ ಗುರುಹಿರಿಯರ ಅಪ್ಪಣೆಗೂ ಸೇರಿದ ವಿಷಯ. ನಾವು ವಿಚಾರಿಸಬಯಸುವುದು ಅದಕ್ಕಿಂತ ಹಿಂದಿನ ಮಾತನ್ನು: ಉಪಕರಣವು ಉಳಿಸುವ ಶ್ರಮವು ಯಾರದು, ಅದನ್ನು ಉಳಿಸಬಾರದೆಂದು ಹೇಳುವವರು ಯಾರು?

ಉಪಕರಣವೆಂಬುದು ಶಾಸ್ತ್ರಕ್ಕೆ ಅಪರಿಚಿತವಾದ ವಸ್ತುವಲ್ಲ. ಭಗವದ್ಗೀತೆಯ 18ನೆಯ ಅಧ್ಯಾಯವು ಕರ್ಮಸಿದ್ಧಿಗೆ ಐದು ಕಾರಣಗಳನ್ನು ಎಣಿಸುವಾಗ ಅಧಿಷ್ಠಾನ, ಕರ್ತೃಗಳೊಡನೆ ಬಗೆಬಗೆಯ ಕರಣಗಳನ್ನೂ ಹೇಳುತ್ತದೆ. ವೈದಿಕರು ಹತ್ತು ಯಜ್ಞಾಯುಧಗಳನ್ನು ಎಣಿಸುತ್ತಾರಷ್ಟೆ. ಅವುಗಳಲ್ಲಿ ಮೊರವಿದೆ, ಒರಳಿದೆ, ಒನಕೆಯಿದೆ, ಅರೆಯುವ ಕಲ್ಲೂ ಅದರ ಮೇಲಾಡುವ ಗುಂಡೂ ಇವೆ. ಇಂದು ನಾವು ಯಂತ್ರಕ್ಕೆ ಎದುರಾಗಿ ನಿಲ್ಲಿಸುವ ಒರಳು ಕೂಡ ಒಂದು ಕಾಲದಲ್ಲಿ ಯಾರೋ ಬುದ್ಧಿವಂತರು ಕಂಡುಹಿಡಿದ ಸಾಧನವೇ. ಬರಿಯ ಕೈಯಿಂದ ಯಾರೂ ಧಾನ್ಯವನ್ನು ಹಿಟ್ಟು ಮಾಡಿದವರಿಲ್ಲ.

ಹಳೆಯ ಸಾಧನಗಳ ರಚನೆಯಲ್ಲಿದ್ದ ಜಾಣ್ಮೆಯನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಈಳಿಗೆಮಣೆಯನ್ನೇ ನೋಡಿರಿ. ಚಾಕುವನ್ನು ಹಿಡಿದವನ ಒಂದು ಕೈಯು ಅದರಲ್ಲಿಯೇ ತೊಡಗಿರುತ್ತದೆ. ತರಕಾರಿಯನ್ನು ಹಿಡಿಯಲು ಒಂದೇ ಕೈ ಉಳಿಯುತ್ತದೆ. ಈಳಿಗೆಯಲ್ಲಿ ಅಲಗು ನಿಶ್ಚಲವಾಗಿದ್ದು ತರಕಾರಿಯೇ ಚಲಿಸುತ್ತದೆ. ಮಣೆಯನ್ನು ಕಾಲು ಅದುಮಿ ಹಿಡಿಯುತ್ತದೆ, ಎರಡು ಕೈಗಳೂ ಸ್ವತಂತ್ರವಾಗಿರುತ್ತವೆ. ಅದೇ ಅಲಗಿನ ತುದಿಗೆ ಹಲ್ಲುಗಳನ್ನು ಕೂಡಿಸಿದರೆ ಕಾಯಿ ತುರಿಯುವ ತುರಿಮಣೆಯಾಯಿತು. ನಿಲ್ಲುವುದಾವುದು, ಚಲಿಸುವುದಾವುದು ಎಂಬುದನ್ನು ಅದಲುಬದಲು ಮಾಡಿದ ಮಾತ್ರಕ್ಕೆ ಇಷ್ಟು ಸೌಕರ್ಯವು ದೊರೆಯಿತು.

ಇದೇ ಯುಕ್ತಿಯು ಇಪ್ಪತ್ತನೆಯ ಶತಮಾನದಲ್ಲಿ ಕೊಯಮತ್ತೂರಿನಲ್ಲಿ ಮತ್ತೊಮ್ಮೆ ಕಾಣಿಸಿಕೊಂಡಿತು. ಕೈಯಿಂದ ರುಬ್ಬುವಾಗ ಒರಳು ನಿಂತಿರುತ್ತದೆ, ಗುಂಡು ತಿರುಗುತ್ತದೆ; ಬಲಗೈ ಗುಂಡನ್ನು ತಿರುಗಿಸುತ್ತಿದ್ದರೆ ಎಡಗೈ ಹಿಟ್ಟನ್ನು ಒಳಕ್ಕೆ ತಳ್ಳುತ್ತಿರಬೇಕು. 1950ರ ದಶಕದಲ್ಲಿ ಅಲ್ಲಿ ರೂಪುಗೊಂಡ ಗ್ರೈಂಡರಿನಲ್ಲಿ ಮೋಟಾರು ತಿರುಗಿಸುವುದು ಒರಳನ್ನು. ಗುಂಡು ತನ್ನ ಸ್ಥಾನವನ್ನು ಬಿಡದೆ ಒಂದು ತೋಳಿಗೆ ಅಂಟಿಕೊಂಡಿರುತ್ತದೆ. ಎಡಗೈಯ ಕೆಲಸವನ್ನು ಬದಿಯಲ್ಲಿ ನಿಂತ ಒಂದು ಪಟ್ಟಿಯು ಮಾಡುತ್ತದೆ. ಕಲ್ಲು ಕಲ್ಲಾಗಿಯೇ ಉಳಿದು ನಿಧಾನವಾಗಿ ತಿರುಗುವುದರಿಂದ ಹಿಟ್ಟು ಹೆಚ್ಚು ಬಿಸಿಯಾಗುವುದಿಲ್ಲ, ಚೆನ್ನಾಗಿ ಹುದುಗುತ್ತದೆ. ಮುಂಬಯಿಯ ಸುಮೀತ್ ಮಿಕ್ಸರಿನ ಕಥೆಯು ಬೇರೆ ಬಗೆಯದು. ಸತ್ಯಪ್ರಕಾಶ ಮಾಥುರ್ ಎಂಬ ಇಂಜಿನಿಯರರ ಮನೆಯಲ್ಲಿದ್ದ ಜರ್ಮನಿಯ ಮಿಕ್ಸರಿನ ಮೋಟಾರು ನಮ್ಮ ಕಾಯಿ, ಬೇಳೆ, ಮಸಾಲೆಗಳ ಭಾರವನ್ನು ತಾಳಲಾರದೆ ಸುಟ್ಟುಹೋಯಿತು. ಅವರು ನಮ್ಮ ಅಡುಗೆಗೆ ತಕ್ಕ ಬಲವುಳ್ಳ ಮೋಟಾರನ್ನು ತಾವೇ ರೂಪಿಸಿ 1960ರ ದಶಕದಲ್ಲಿ ಮಾರುಕಟ್ಟೆಗೆ ತಂದರು. ಪರದೇಶದ ವಸ್ತುವನ್ನು ಹಾಗೆಯೇ ತಂದಿಟ್ಟುಕೊಳ್ಳುವುದು ಒಂದು. ನಮ್ಮ ಅಡುಗೆಯು ಏನನ್ನು ಬೇಡುತ್ತದೆ ಎಂಬುದನ್ನು ಅರಿತು ವಸ್ತುವನ್ನು ಅದಕ್ಕೆ ಬಗ್ಗಿಸುವುದು ಇನ್ನೊಂದು.

ಪ್ರೆಷರ್ ಕುಕ್ಕರಿನ ಮೂಲವು 1679ರಷ್ಟು ಹಿಂದಿನದು. ಡೆನಿಸ್ ಪಾಪಿನ್ ಎಂಬ ಫ್ರೆಂಚ್ ವಿದ್ವಾಂಸನು ಲಂಡನ್ನಿನಲ್ಲಿ ಮೂಳೆಗಳನ್ನು ಮೆತ್ತಗಾಗಿಸಲು ಅದನ್ನು ನಿರ್ಮಿಸಿದನು. ಸಸ್ಯಾಹಾರದ ಸಾತ್ತ್ವಿಕ ಅಡುಗೆಮನೆಗೆ ಬಂದ ಸಾಧನದ ಹುಟ್ಟು ಇಂತಹದು! ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಯನ್ನು ಮೀರದು. ಮುಚ್ಚಿದ ಕುಕ್ಕರಿನಲ್ಲಿ ಒತ್ತಡವು ಸುಮಾರು ಇಮ್ಮಡಿಯಾಗಿ ಉಷ್ಣತೆಯು 120 ಡಿಗ್ರಿಯ ಹತ್ತಿರಕ್ಕೆ ಏರುತ್ತದೆ. ಮುಕ್ಕಾಲು ಗಂಟೆ ಬೇಯುವ ತೊಗರಿಬೇಳೆಯು ಹತ್ತು ಹದಿನೈದು ನಿಮಿಷದಲ್ಲಿ ಬೇಯುತ್ತದೆ. ಒಳಮುಚ್ಚಳದ ಕುಕ್ಕರಿನಲ್ಲಿ ಒಂದು ಸೂಕ್ಷ್ಮವಿದೆ. ಮುಚ್ಚಳವು ಅಂಚಿನ ಒಳಗಡೆಯಿಂದ ಕೂಡುವುದರಿಂದ ಉಗಿಯ ಒತ್ತಡವೇ ಅದನ್ನು ಬಿಗಿಹಿಡಿಯುತ್ತದೆ. ಒತ್ತಡವು ಇಳಿಯುವವರೆಗೆ ಆತುರಗಾರರು ಎಷ್ಟು ಎಳೆದರೂ ಅದು ತೆರೆಯದು. ಎಚ್ಚರಿಕೆಯ ಫಲಕವನ್ನು ಬರೆದು ತೂಗುಹಾಕುವ ಬದಲು ಎಚ್ಚರಿಕೆಯನ್ನು ವಸ್ತುವಿನ ಆಕಾರದಲ್ಲಿಯೇ ಇರಿಸಿದ್ದಾರೆ. ಇದಕ್ಕೂ ಮೊದಲು, 1910ರಲ್ಲಿ, ಕಲ್ಕತ್ತೆಯ ವೈದ್ಯರಾದ ಇಂದುಮಾಧವ ಮಲ್ಲಿಕರು ಇಕ್‌ಮಿಕ್ ಕುಕ್ಕರನ್ನು ರಚಿಸಿದ್ದರು. ಒಂದರ ಮೇಲೊಂದು ಡಬ್ಬಿಗಳು, ಕೆಳಗೆ ಇದ್ದಿಲು. ಅನ್ನ, ಬೇಳೆ, ಪಲ್ಯಗಳು ಒಟ್ಟಿಗೆ ಉಗಿಯಲ್ಲಿ ಬೇಯುತ್ತಿದ್ದವು. ಮನೆಯಿಂದ ದೂರವಿದ್ದು ಒಬ್ಬರೇ ಬೇಯಿಸಿಕೊಳ್ಳುವವರಿಗೆ ಅದು ಹೇಳಿ ಮಾಡಿಸಿದಂತಿತ್ತು. ಹೊರಗಿನದನ್ನು ತಿನ್ನಲೊಲ್ಲದೆ ಪರಊರಿನಲ್ಲಿ ಸ್ವಯಂಪಾಕ ಮಾಡಿಕೊಂಡ ನಮ್ಮ ಹಿರಿಯರಿಗೆ ಅದರ ಬೆಲೆ ಏನೆಂದು ಯಾರೂ ವಿವರಿಸಬೇಕಾಗಿರಲಿಲ್ಲ.

ಆದರೆ ಮಹಾನಗರದ ನಮ್ಮ ಮನೆಗಳಲ್ಲಿ ನಮಗೆ ಅತ್ಯಂತ ಪ್ರಿಯವಾದ ಸಾಧನವು ಇವಾವುವೂ ಅಲ್ಲ. ಸೂರಿಗೆ ರಾಟೆಗಳನ್ನು ಜೋಡಿಸಿ, ಹಗ್ಗವನ್ನು ಜಗ್ಗಿದರೆ ಮೇಲಕ್ಕೇರುವ, ಬಿಟ್ಟರೆ ಕೆಳಗಿಳಿಯುವ ಬಟ್ಟೆ ಒಣಹಾಕುವ ಸಲಾಕೆಗಳಿವೆಯಲ್ಲವೇ? ಅವು. ಊರಿನಲ್ಲಿ ಮಡಿಬಟ್ಟೆಗೆ ಎತ್ತರದ ಗಳವೂ ಅದನ್ನು ಏರಿಸಿ ಇಳಿಸಲು ಮಡಿಕೋಲೂ ಇರುತ್ತಿದ್ದವು. ಯಾರೂ ಮುಟ್ಟದ ಎತ್ತರ, ಓಡಾಡುವವರಿಗೆ ಅಡ್ಡವಾಗದ ಸ್ಥಳ ಎಂಬ ಎರಡು ಅಗತ್ಯಗಳಿಗೆ ಅದು ಉತ್ತರವಾಗಿತ್ತು. ನಗರದ ಇಕ್ಕಟ್ಟಿನಲ್ಲಿ ರಾಟೆಯ ಸಲಾಕೆಯನ್ನು ಮಾಡಿದವರಿಗೆ ಮಡಿಯ ಕಲ್ಪನೆಯೇ ಇದ್ದಿರಲಾರದು. ಅವರು ಯೋಚಿಸಿದ್ದು ಜಾಗದ ವಿಷಯವನ್ನು. ಆದರೂ ಅದು ನೇರವಾಗಿ ನಮ್ಮ ಗಳದ ಸ್ಥಾನಕ್ಕೇ ಬಂದು ನಿಂತಿತು. ತೋಳನ್ನು ತಲೆಯ ಮೇಲೆ ಎತ್ತಲಾಗದ ವೃದ್ಧರೂ ಈಗ ತಮ್ಮ ಮಡಿಪಂಚೆಯನ್ನು ತಾವೇ ಒಣಹಾಕಿಕೊಳ್ಳುತ್ತಾರೆ. ಆಚಾರವನ್ನು ಸಡಿಲಿಸದೆ ಆಚರಿಸುವವರ ಕಷ್ಟವನ್ನು ಮಾತ್ರ ತೆಗೆದ ಉಪಕರಣವಿದು.

ಇಲ್ಲಿಯವರೆಗೆ ವಿವಾದವಿಲ್ಲ. ವಿವಾದವು ಆರಂಭವಾಗುವುದು ರುಬ್ಬುವ, ಬೇಯಿಸುವ ಸಾಧನಗಳಲ್ಲಿ. ಕುಕ್ಕರಿನಲ್ಲಿ ರಬ್ಬರಿನ ಗ್ಯಾಸ್ಕೆಟ್ ಇದೆ, ಮಿಕ್ಸರಿನಲ್ಲಿ ಪ್ಲಾಸ್ಟಿಕ್ ಇದೆ ಎಂಬ ಆಕ್ಷೇಪಗಳು ದ್ರವ್ಯಶುದ್ಧಿಗೆ ಸಂಬಂಧಿಸಿದವು. ಅವನ್ನು ಗೌರವದಿಂದ ಬದಿಗಿಡೋಣ. ಅನೇಕ ಮನೆಗಳಲ್ಲಿ ಕೇಳಿಬರುವುದು ಬೇರೊಂದು ಮಾತು. "ಕೈಯಿಂದ ರುಬ್ಬಿದರೇ ಅದು ಸೇವೆ, ಯಂತ್ರದಿಂದ ಮಾಡಿದರೆ ಏನು ಬಂತು?" ಎನ್ನುತ್ತಾರೆ. ಹೀಗೆನ್ನುವವರು ಬಹುಮಟ್ಟಿಗೆ ಒರಳಿನ ಮುಂದೆ ಕುಳಿತವರಲ್ಲ. ಪೂಜೆಯ ಮಣೆಯ ಮೇಲೆ ಕುಳಿತವರು.

ನಮ್ಮ ಸಿದ್ಧಾಂತದಲ್ಲಿ ಜೀವನ ಕರ್ತೃತ್ವವು ಭಗವಂತನಿಗೆ ಅಧೀನವಾದರೂ ಸತ್ಯವಾದುದು. ಜಡಕ್ಕೆ ಜ್ಞಾನವಿಲ್ಲ, ಇಚ್ಛೆಯಿಲ್ಲ, ಪ್ರಯತ್ನವಿಲ್ಲ. ಆದುದರಿಂದ ಯಂತ್ರವು ಎಂದಿಗೂ ಕರ್ತೃವಾಗದು, ಸೇವೆಯನ್ನು ನಮ್ಮಿಂದ ಕಸಿದುಕೊಳ್ಳಲೂ ಆರದು. ಇಷ್ಟನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಪಂಚಭೇದಗಳಲ್ಲಿ ಜೀವ-ಜೀವ ಭೇದವೂ ಒಂದೆಂಬುದನ್ನು ಅಡುಗೆಮನೆಯ ಬಾಗಿಲಿನಲ್ಲಿ ಮರೆಯುತ್ತೇವೆ. ಒಬ್ಬ ಜೀವನ ಪ್ರಯತ್ನವು ಇನ್ನೊಬ್ಬ ಜೀವನ ಪ್ರಯತ್ನವಲ್ಲ. ಗೃಹಿಣಿಯ ಮಣಿಕಟ್ಟಿನ ನೋವು ಯಜಮಾನನ ತಪಸ್ಸಾಗದು. ಗೃಹಸ್ಥಧರ್ಮವು ದಂಪತಿಗಳಿಬ್ಬರದು, ಫಲವೂ ಇಬ್ಬರದು ಎನ್ನಬಹುದು. ಹಾಗಿದ್ದರೆ ಯಾವ ಶ್ರಮವನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ನಿರ್ಧಾರವೂ ಇಬ್ಬರದಾಗಬೇಡವೇ?

ದ್ವಾದಶಿಯ ಬೆಳಗನ್ನು ನೆನೆಯೋಣ. ಹಿಂದಿನ ದಿನ ಏಕಾದಶಿಯ ಉಪವಾಸವು ಮನೆಯವರೆಲ್ಲರದು. ಬೆಳಗಿನ ಜಾವ ಪೂಜೆಯಾಗಿ, ಪಾರಣೆಯ ಹೊತ್ತು ಮೀರುವ ಮೊದಲು ಎಲೆ ಹಾಕಬೇಕು. ಅಡುಗೆ ಮಾಡುವವಳೂ ಉಪವಾಸವಿದ್ದವಳೇ. ಎಲ್ಲರಿಗಿಂತ ಮೊದಲೇ ಎದ್ದು, ತಲೆಸ್ನಾನ ಮಾಡಿ, ಮಡಿಯುಟ್ಟು, ಬರಿಯ ಹೊಟ್ಟೆಯಲ್ಲಿ ಅವಳು ಒಲೆಯ ಮುಂದೆ ನಿಂತಿರುತ್ತಾಳೆ. ಆ ದಿನ ಗ್ರೈಂಡರು ಉಳಿಸಿಕೊಡುವ ಮುಕ್ಕಾಲು ಗಂಟೆಯು ಐಷಾರಾಮವೆಂದು ನಮಗೆ ಅನಿಸುವುದಿಲ್ಲ. ಉಪವಾಸವಿದ್ದ ದೇಹಕ್ಕೆ ಅದು ದಯೆ. ಆ ದಯೆಯನ್ನು ತನಗೆ ಬೇಡವೆಂದು ಹೇಳುವ ಅಧಿಕಾರವು ಅವಳಿಗುಂಟು, ನಮಗಿಲ್ಲ.

ಹಾಗೆಂದು ಉಪಕರಣವು ಬಂದೊಡನೆ ಗೃಹಿಣಿಗೆ ಬಿಡುವು ದೊರೆಯಿತೆಂದು ಭಾವಿಸುವುದೂ ಸರಿಯಲ್ಲ. ಅಮೆರಿಕದ ಇತಿಹಾಸಕಾರರಾದ ರೂತ್ ಶ್ವಾರ್ಟ್ಜ್ ಕೋವನ್ ಎಂಬವರು 1983ರಲ್ಲಿ 'ಮೋರ್ ವರ್ಕ್ ಫಾರ್ ಮದರ್' ಎಂಬ ಗ್ರಂಥವನ್ನು ಪ್ರಕಟಿಸಿದರು. ಹೊಸ ಒಲೆಗಳೂ ಯಂತ್ರಗಳೂ ಬಂದಾಗ ಸೌದೆ ಕಡಿಯುವುದೇ ಮೊದಲಾದ ಗಂಡಸರ, ಮಕ್ಕಳ ಕೆಲಸಗಳು ಮಾಯವಾದವು. ಶುಚಿತ್ವದ, ಊಟದ ವೈವಿಧ್ಯದ ನಿರೀಕ್ಷೆಗಳು ಏರಿ ತಾಯಿಯ ಕೆಲಸವು ಮಾತ್ರ ಉಳಿದುಕೊಂಡಿತು ಎಂಬುದು ಅವರ ವಾದ. ಅದು ಅಮೆರಿಕದ ಮನೆಗಳನ್ನು ಕುರಿತದ್ದು. ಆದರೂ ನಮ್ಮ ಮನೆಗಳಲ್ಲಿ ಏನಾಯಿತೆಂಬುದನ್ನು ನೋಡಿರಿ. ಬೇಳೆಯು ಹತ್ತು ನಿಮಿಷದಲ್ಲಿ ಬೇಯತೊಡಗಿದಾಗ, ಒಬ್ಬರಿಗೆ ಏಳು ಗಂಟೆಯ ಲೋಕಲ್ ರೈಲಿನ ಡಬ್ಬಿ, ಇನ್ನೊಬ್ಬರಿಗೆ ಶಾಲೆಯ ಬಸ್ಸಿನ ತಿಂಡಿ, ಮೂರನೆಯವರಿಗೆ ಬಿಸಿಯಾದ ಊಟ ಎಂದು ಬೇರೆಬೇರೆ ಹೊತ್ತುಗಳು ಹುಟ್ಟಿಕೊಂಡವು. ಉಳಿದ ಹೊತ್ತನ್ನು ಮನೆಯವರೇ ಹಂಚಿಕೊಂಡು ತಿಂದುಬಿಟ್ಟೆವು. ಅವಳೂ ಅದೇ ರೈಲನ್ನು ಹಿಡಿದು ಕಚೇರಿಗೆ ಹೋಗುವವಳಾಗಿದ್ದರೆ ಹೇಳುವುದೇ ಬೇಡ.

ಒಂದು ನಷ್ಟವನ್ನು ಇಲ್ಲಿ ಹೇಳದಿರಲಾಗದು. ಬೀಸುವಾಗ, ಕುಟ್ಟುವಾಗ, ಮೊಸರು ಕಡೆಯುವಾಗ ಹೆಣ್ಣುಮಕ್ಕಳು ಹಾಡುತ್ತಿದ್ದರು. ಹೆಳವನಕಟ್ಟೆ ಗಿರಿಯಮ್ಮ, ಹರಪನಹಳ್ಳಿ ಭೀಮವ್ವ ಇವರ ಹಾಡುಗಳು ಪುಸ್ತಕಗಳಲ್ಲಿ ಅಚ್ಚಾಗುವ ಮೊದಲು ಇಂತಹ ಬಾಯಿಗಳಲ್ಲಿಯೇ ಉಳಿದುಬಂದವು. ಮಿಕ್ಸರಿನ ಗದ್ದಲದಲ್ಲಿ ಯಾರೂ ಹಾಡಲಾರರು. ಆದರೆ ಹಾಡಿಗಾಗಿ ಬೀಸುವಕಲ್ಲನ್ನು ಮರಳಿ ತರಬೇಕೆನ್ನುವವರಿಗೆ ನಮ್ಮ ಸಮ್ಮತಿಯಿಲ್ಲ. ತೋಳಿನ ನೋವನ್ನು ಮರೆಯಲೆಂದೂ ಅವರು ಹಾಡುತ್ತಿದ್ದರು. ಹಾಡು ಬೇಕಾದರೆ ಹಾಡಿಗೆಂದೇ ಹೊತ್ತನ್ನು ತೆಗೆದಿರಿಸಬೇಕು. ಕೆಲವು ಬಡಾವಣೆಗಳ ಭಜನಾಮಂಡಳಿಗಳು ಅದನ್ನೇ ಮಾಡುತ್ತಿವೆ.

ಇನ್ನು ಸಾಣೆಕಲ್ಲಿನ ವಿಷಯ. ಗಂಧವನ್ನು ತೇಯುವ ವಿದ್ಯುತ್ ಯಂತ್ರಗಳೂ ಬಂದಿವೆ. ನೂರಾರು ಜನರಿಗೆ ಗಂಧವನ್ನು ಕೊಡಬೇಕಾದ ದೊಡ್ಡ ದೇವಾಲಯಕ್ಕೆ ಅದರ ಪ್ರಯೋಜನವುಂಟು. ಮನೆಯ ದೇವರಿಗೆ ಬೇಕಾಗುವ ಗಂಧವನ್ನು ತೇಯಲು ಐದಾರು ನಿಮಿಷ ಸಾಕು. ಪೂಜೆ ಮಾಡುವವರು ತಾವೇ ಇಷ್ಟಪಟ್ಟು ಮಾಡುವ ಶ್ರಮವದು. ಇನ್ನೊಬ್ಬರ ತೋಳಿಗೆ ಹೊರಿಸಿದುದಲ್ಲ. ಕೊರಡನ್ನು ಕಲ್ಲಿನ ಮೇಲೆ ಸುತ್ತಿಸುತ್ತಿರುವಾಗ ಮನಸ್ಸು ಕಚೇರಿಯಿಂದ ದೇವರ ಕೋಣೆಗೆ ಬರಲು ಅಷ್ಟು ಹೊತ್ತಾದರೂ ಬೇಕು. ಇದನ್ನು ಯಂತ್ರಕ್ಕೆ ಒಪ್ಪಿಸಿದರೆ ಉಳಿಯುವುದು ಏನೆಂದು ನಮಗೆ ತೋಚುವುದಿಲ್ಲ. ಒರಳಿನ ಶ್ರಮವನ್ನು ಪವಿತ್ರವೆಂದು ಹೊಗಳುವ ಮನೆಗಳಲ್ಲಿಯೇ, ಪುರುಷರು ತಾವು ತೇಯಬೇಕಾದ ಗಂಧಕ್ಕೆ ಅಂಗಡಿಯ ಪುಡಿಯನ್ನು ತಂದು ಕಲಸುವುದನ್ನು ನಾವು ಕಂಡಿದ್ದೇವೆ.

ಮಂಗಳಾರತಿಯ ಹೊತ್ತಿಗೆ ತಾನೇ ಬಾರಿಸುವ ವಾದ್ಯಯಂತ್ರವನ್ನು ಹಲವು ದೇವಾಲಯಗಳಲ್ಲಿ ನೀವೂ ನೋಡಿರುತ್ತೀರಿ. ಒಂದು ಮೋಟಾರು, ಅದಕ್ಕೆ ಜೋಡಿಸಿದ ಕೋಲುಗಳು. ಗುಂಡಿಯನ್ನು ಒತ್ತಿದೊಡನೆ ನಗಾರಿ, ಜಾಗಟೆ, ಗಂಟೆಗಳು ಒಂದೇ ಲಯದಲ್ಲಿ ಮೊಳಗುತ್ತವೆ. ರಚನೆಯು ಚತುರವಾದುದೇ. ಆದರೆ ಇದು ಯಾರ ಬೆನ್ನಿನ ಭಾರವನ್ನು ಇಳಿಸಿತು? ಜಾಗಟೆಯನ್ನು ಬಾರಿಸಲು ಹುಡುಗರು ಜಗಳವಾಡುತ್ತಿದ್ದ ಕಾಲವು ತೀರ ಹಳೆಯದೇನೂ ಅಲ್ಲ. ಯಾರಿಗೂ ಹೊರೆಯಾಗದಿದ್ದ, ಎಲ್ಲರೂ ಬಯಸಿ ಮಾಡುತ್ತಿದ್ದ ಕೆಲಸವದು.

ಆದರೂ ಯಂತ್ರವನ್ನು ತಂದಿಟ್ಟವರನ್ನು ಹಳಿಯಲು ನಮಗೆ ಮನಸ್ಸಾಗುವುದಿಲ್ಲ. ವಾರದ ನಡುವಿನ ಒಂದು ಮಧ್ಯಾಹ್ನ ನಗರದ ಗುಡಿಯೊಂದಕ್ಕೆ ಹೋಗಿ ನೋಡಿರಿ. ಅರ್ಚಕರೊಬ್ಬರೇ ಇರುತ್ತಾರೆ. ಬಲಗೈಯಲ್ಲಿ ಆರತಿ, ಎಡಗೈಯಲ್ಲಿ ಗಂಟೆ. ಜಾಗಟೆಗೆ ಮೂರನೆಯ ಕೈಯಿಲ್ಲ. ಜನರು ಬರುವುದು ನಿಂತ ಮೇಲೆ ಆ ಯಂತ್ರವು ಬಂದಿತು. ವಾರದ ದಿನಗಳಲ್ಲಿ ನಮ್ಮಲ್ಲಿ ಬಹುಮಂದಿಗೆ ಹೋಗುವುದು ಸಾಧ್ಯವಾಗದು, ಅದು ನಿಜ. ಭಾನುವಾರ ಮಧ್ಯಾಹ್ನದ ಮಂಗಳಾರತಿಯ ಹೊತ್ತಿಗೆ ಮನೆಯ ಹುಡುಗನನ್ನೋ ಹುಡುಗಿಯನ್ನೋ ಕರೆದುಕೊಂಡು ಹೋಗಬಹುದು. ಮೊದಲೇ ಒಂದು ಮಾತು ತಿಳಿಸಿದ್ದರೆ, ಅರ್ಚಕರು ಆ ದಿನ ಗುಂಡಿಯನ್ನು ಒತ್ತದೆ ಜಾಗಟೆಯನ್ನು ಮಗುವಿನ ಕೈಗೆ ಕೊಟ್ಟಾರು.